ಒಂದೇ ಗುಡ್ಡದ ಪುಡಿ

ಉಗಿದಾದ ಮೇಲೆಯೇ ರುಚಿಗಾರರಿಗೆ ಎಚ್ಚರವಾದದ್ದು, ತಾವಿರುವುದು ಕಾಫಿ ಕಂಪನಿಯ ಪರೀಕ್ಷೆಯ ಕೋಣೆಯಲ್ಲಲ್ಲ, ಸ್ವಂತ ಅಡುಗೆಮನೆಯಲ್ಲಿ ಎಂದು. ಚಮಚದ ತುಂಬ ಕಾಫಿ, ಸುರ್ರೆಂದು ಒಂದು ಎಳೆತ, ನಾಲಗೆಯ ಮೇಲೆ ಒಂದು ಸುತ್ತು, ಆಮೇಲೆ ಥೂ. ಅರ್ಧ ಆಯಸ್ಸು ಕಂಪನಿಯ ಕಾಫಿಯನ್ನು ಹೀಗೇ ರುಚಿ ನೋಡಿ ಉಗಿದು ಸಂಸಾರ ಸಾಕಿದವರು ಅವರು. ಸಿಂಕಿನ ಬದಿಯಲ್ಲಿ ಕಂದು ಹನಿಗಳು ಇಳಿಯುತ್ತಿದ್ದವು. ಪಕ್ಕದಲ್ಲೇ ಹೆಂಡತಿಯ ತಮ್ಮ ಪುಡಿಯ ಪೊಟ್ಟಣ ಹಿಡಿದು ನಿಂತಿದ್ದ.

ಬಸ್ಸು ಓಡಿಸುವ ಕೆಲಸ ಬಿಟ್ಟು, ನೆಂಟರಿಷ್ಟರಿಂದೆಲ್ಲ ಹುಚ್ಚ ಎನ್ನಿಸಿಕೊಂಡು, ಒಂದು ಗುಡ್ಡವನ್ನು ಗುತ್ತಿಗೆಗೆ ಹಿಡಿದು ಅವನು ಬೆಳೆದ ಮೊದಲ ಫಸಲು ಅದು. ಬೇರೆ ಕಡೆಯ ಒಂದು ಬೀಜವನ್ನೂ ಬೆರೆಸಿರಲಿಲ್ಲ. ತಾನೇ ಹುರಿದು, ತಾನೇ ಪುಡಿ ಮಾಡಿ ತಂದಿದ್ದ. "ಭಾವ ಚೆನ್ನಾಗಿದೆ ಅಂದ್ರೆ ಅಂಗಡಿಗೆ ಕೊಡ್ತೀನಿ ಅಕ್ಕ. ಇಲ್ಲಾಂದ್ರೆ ಮತ್ತೆ ಬಸ್ಸೇ ಗತಿ" ಎಂದು ಬಾಗಿಲಲ್ಲೇ ಹೇಳಿದ್ದ.

"ಅಯ್ಯೋ, ಅದು ಅಭ್ಯಾಸ ಕಣೋ! ಕಂಪನೀಲಿ ಎಲ್ಲಾನೂ ಉಗೀಲೇಬೇಕು. ಒಳ್ಳೇದು ಕೆಟ್ಟದ್ದು ಅಂತಿಲ್ಲ" ಎಂದು ರುಚಿಗಾರರು ತಡವರಿಸಿದರು.

"ಹೌದಾ ಭಾವ" ಎಂದ ಅವನು. ನಗಲು ನೋಡಿದ, ಆಗಲಿಲ್ಲ.

"ಬಹಳ ಚೆನ್ನಾಗಿದೆ, ನಿಜವಾಗ್ಲೂ! ಹುಳಿ ಹದವಾಗಿದೆ, ಕಹಿ ಗಂಟಲಲ್ಲಿ ನಿಲ್ಲೋದಿಲ್ಲ. ಇಂಥ ಕಾಫಿ ಕುಡಿದು ಎಷ್ಟು ಕಾಲ ಆಗಿತ್ತೋ."

"ಇದನ್ನೂ ಕುಡೀಲಿಲ್ವಲ್ಲ ಭಾವ."

ರುಚಿಗಾರರು ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ, ಪಾಪ. ಆದರೆ ಉಗಿದ ಬಾಯಿಯ ಹೊಗಳಿಕೆಯನ್ನು ಯಾರು ನಂಬುತ್ತಾರೆ? ಹೆಂಡತಿ ಒಲೆಯ ಕಡೆಗೆ ತಿರುಗಿಕೊಂಡೇ ಅಂದಳು: "ನಾನು ಮಾಡೋದನ್ನ ಕಲಗಚ್ಚು ಅಂತ ಬೈಕೊಂಡು ದಿನಾ ನುಂಗ್ತೀರಿ. ಉಗಿಯೋಕೆ ನನ್ನ ತಮ್ಮಂದೇ ಆಗ್ಬೇಕಿತ್ತಾ?"

ರುಚಿಗಾರರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೇರೇನೂ ತೋಚದೆ ಪಾತ್ರೆಯಲ್ಲಿದ್ದುದನ್ನೆಲ್ಲ ದೊಡ್ಡ ಲೋಟಕ್ಕೆ ಬಗ್ಗಿಸಿಕೊಂಡು, ಹಾಲು ಸಕ್ಕರೆ ಯಾವುದೂ ಇಲ್ಲದೆ ನಿಂತಲ್ಲೇ ಗಟಗಟ ಕುಡಿಯತೊಡಗಿದರು. ಆರಿದ್ದರೂ ಸೊಗಸಾಗಿತ್ತು. ಅವಸರಕ್ಕೆ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಕೆಮ್ಮುತ್ತಲೇ ಮತ್ತೆ ಲೋಟ ಎತ್ತಿದರು.

ಅವನು ಹತ್ತಿರ ಬಂದು ಅವರ ಬೆನ್ನು ಸವರಿದ. "ಸಾಕು ಬಿಡಿ ಭಾವ. ನನಗೋಸ್ಕರ ಯಾಕೆ ಹೊಟ್ಟೆ ಕೆಡಿಸ್ಕೊಳ್ತೀರಿ?" ಎಂದು ಮೆಲ್ಲಗೆ ಲೋಟ ಬಿಡಿಸಿಕೊಂಡ. ಉಳಿದದ್ದನ್ನು ಚೆಲ್ಲಿದ. ಪೊಟ್ಟಣದ ಬಾಯಿ ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡ.

ರುಚಿಗಾರರ ನಾಲಗೆಯ ಮೇಲೆ ಸಕ್ಕರೆಯಿಲ್ಲದ ಆ ಕಾಫಿಯ ಸಿಹಿ ಇನ್ನೂ ನಿಂತಿತ್ತು.