ಬರ್ನಿಸ್ ಎತ್ತಿದ ಕೈ

ಗುರುವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಲೋರ್ನಾಳ ಫೋನು ಟಿಣ್ ಎಂದಿತು. ಪಾಪ್‌ಕಾರ್ನ್ ಯಂತ್ರದ ಕಂಪನಿಯ ಷೇರು ಐವತ್ತು ಡಾಲರ್ ದಾಟಿದೆ ಎಂದು ಬ್ರೋಕರ್ ಎಚ್ಚರಿಸಿದ್ದ. ಅವಳು ದಿಗ್ಗನೆ ಎದ್ದು ಕೂತಳು.

ಮಿನೆಸೋಟದ ಆ ಊರಿನಲ್ಲಿ ಲೋರ್ನಾಳೂ ಸೇರಿ ಐವರು ಗೆಳತಿಯರ ಷೇರು ಕೂಟವು, ‘ನಮ್ಮ ಷೇರುಗಳನ್ನು ಶುಕ್ರವಾರದೊಳಗೆ ಕೇಳಿದರೆ ಐವತ್ತಕ್ಕೆ ಕೊಡುತ್ತೇವೆ’ ಎಂಬ ಕಾಲ್ ಆಪ್ಷನ್ ಮಾರಿ, ಬಂದ ದುಡ್ಡಿನಲ್ಲಿ ಕೇಕ್ ತಿಂದಿತ್ತು. ಈಗ ಆ ಆಪ್ಷನ್ನನ್ನು ಹೆಚ್ಚು ಬೆಲೆಗೆ ಮರಳಿ ಕೊಳ್ಳದಿದ್ದರೆ ಷೇರುಗಳೇ ಕೈತಪ್ಪುತ್ತವೆ. ಷೇರು ಹೋದರೆ ಕಂಪನಿಯ ವಾರ್ಷಿಕ ಸಭೆಗೆ ಬಸ್ಸಿನಲ್ಲಿ ಹೋಗುವುದೂ ಇಲ್ಲ. ಲೋರ್ನಾಳಿಗಿದ್ದದ್ದು ಅದೊಂದೇ ತಿರುಗಾಟ.

ಮರುದಿನ ಚರ್ಚಿನ ನೆಲಮಾಳಿಗೆಯಲ್ಲಿ ಕೂಟ ಸೇರಿತು. ಮೂರಕ್ಕೆ ಮಾರುಕಟ್ಟೆ ಮುಚ್ಚುತ್ತದೆ. ಅಧ್ಯಕ್ಷೆ ಹಿಲ್ಡಾ ಕಳೆದ ಸಭೆಯ ವರದಿಯನ್ನು ನಿಧಾನವಾಗಿ ಓದುತ್ತಿದ್ದಳು.

“ಬೇಗ ಮತಕ್ಕೆ ಹಾಕೇ ಮಾರಾಯ್ತಿ!” ಎಂದಳು ಲೋರ್ನಾ.

“ನಿಯಮ ಅಂದ್ರೆ ನಿಯಮ ಕಣೇ. ಉಪ್ಪಿಲ್ಲದ ಆಲೂ ಸಲಾಡ್ ಯಾರು ತಂದಿದ್ರು ಅನ್ನೋದೇ ಇನ್ನೂ ಇತ್ಯರ್ಥ ಆಗಿಲ್ಲ.”

ಇನ್ನೇನು ಮೂರಾಗಬೇಕು ಎನ್ನುವಾಗ ಮತ ಕೇಳಿದಳು. ಕೊಳ್ಳೋಣವೆಂದು ಇಬ್ಬರು, ಬೇಡವೆಂದು ಇಬ್ಬರು. ಐದನೆಯವಳಾದ ಬರ್ನಿಸ್ ಲೋರ್ನಾಳ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಳು. ಲೋರ್ನಾ ಅವಳ ಮೊಣಕೈಯನ್ನು ಹಿಂದಿನಿಂದ ಮೆಲ್ಲಗೆ ಮೇಲೆತ್ತಿದಳು.

“ಬರ್ನಿಸ್ ಕೊಳ್ಳೋಣ ಅಂತಾಳೆ,” ಎಂದು ಹಿಲ್ಡಾ ಘೋಷಿಸಿದಳು. ಲೋರ್ನಾ ಇನ್ನೊಂದು ಕೈಯಿಂದ ಫೋನಿನಲ್ಲಿ ‘ಕೊಳ್ಳು’ ಗುಂಡಿ ಒತ್ತಿಬಿಟ್ಟಳು.

ಚಪ್ಪಾಳೆಗೆ ಬರ್ನಿಸ್ ಎಚ್ಚೆತ್ತಳು. ಗಾಳಿಯಲ್ಲಿದ್ದ ತನ್ನ ಕೈಯನ್ನೇ ನೋಡಿಕೊಂಡಳು.

“ರಾತ್ರಿಯೆಲ್ಲ ಲೆಕ್ಕ ಹಾಕಿ ಎತ್ತಿದ ಕೈ ಇದು,” ಎಂದಳು. “ನಿಮ್ಗೆಲ್ಲ ಎಲ್ಲಿ ಬರ್ಬೇಕು ಇಂಥ ಧೈರ್ಯ?”

ಅವಳನ್ನೇ ಕೂಟದ ಸಲಹೆಗಾರ್ತಿಯಾಗಿ ಆರಿಸಿದರು. ಅದಕ್ಕೆ ಲೋರ್ನಾಳೂ ಕೈ ಎತ್ತಿದಳು, ನಡೆದದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಅಲ್ಲೇ ನಿಶ್ಚಯಿಸಿಕೊಂಡು.