ಅರಗಿನ ಗುಂಡು, ಮಾಸ್ತರರ ಅಂಗಿ

ಇದು ಖರೇ ನಡೆದದ್ದು. ನಂಬದವರು ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ತಲೆ ನರೆತ ಯಾರನ್ನಾದರೂ ಹಿಡಿದು ಕೇಳಬಹುದು. "ಆವತ್ತು ನಾನೂ ಬಯಲಾಗ ಇದ್ದೆ" ಎನ್ನುವವರೇ ಹತ್ತು ಸಾವಿರ ಮಂದಿ ಸಿಗುತ್ತಾರೆ. ಇದ್ದದ್ದು ಆರುನೂರು.

ಎಂಬತ್ತನಾಲ್ಕನೇ ಇಸವಿ. ಅರಗಿನ ಬಳೆ ಮಾಡುವ ಜೈಬುನ್ನೀಸಾಳ ಮಗ ದಾದಾಪೀರ ಹುಬ್ಬಳ್ಳಿಯಿಂದ ಅರಗು ಕೊಂಡು ತಂದಾಗ, ಅದನ್ನು ಕಟ್ಟಿದ್ದ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ ಒಂದು ಚಿತ್ರ ಕಂಡ. ಅಡವಿಯೊಳಗೆ ಪಿಸ್ತೂಲು ಹಿಡಿದ ಬಿಳಿಯರು. ಒಬ್ಬನ ಎದೆಯ ಮೇಲೆ ದೊಡ್ಡ ಕೆಂಪು ಕಲೆ. ಆದರೆ ಗುಂಡು ತಿಂದ ಅವನೇ ಹಲ್ಲು ಕಿರಿಯುತ್ತಿದ್ದ! ಗದಗಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ಗೆಳೆಯ ಉಳವಪ್ಪ ಅದನ್ನು ಓದಿ ಹೇಳಿದ.

"ಅಮೇರಿಕಾದಾಗ ಹೊಸಾ ಆಟ ಲೇ. ಬಣ್ಣದ ಗುಂಡು ಹೊಡೀತಾರ. ಬಣ್ಣ ಬಿದ್ದಾಂವ ಔಟ್. ಎದುರಿನವರ ನಿಶಾನಿ ಬಾವುಟ ಕಿತ್ತಗೊಂಡು ಬಂದವರು ಗೆದ್ದರು."

"ಅಂದ್ರ ಸತ್ತಾಂವ ಎದ್ದು ಮನಿಗೆ ಹೋಗಿ ಚಹಾ ಕುಡಿಯೋ ಯುದ್ಧ ಅನ್ನು," ಎಂದ ದಾದಾಪೀರ. ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ.

ಪಿಸ್ತೂಲು ಎಲ್ಲಿಂದ ಬರಬೇಕು? ಆದರೆ ಗುಂಡು ಮನೆಯಲ್ಲೇ ಇತ್ತು. ಗಾಜಿನ ಬಳೆ ಬಂದ ಮೇಲೆ ಜೈಬುನ್ನೀಸಾಳ ಕೆಂಡದ ಶೇಗಡಿ ತಿಂಗಳಿಗೆ ನಾಲ್ಕು ಸಲ ಹೊತ್ತಿದರೆ ಹೆಚ್ಚು. ಮಗ ಕೇಳಿದ್ದೇ ತಡ, ಅವಳು ಅರಗನ್ನು ಕೆಂಡಕ್ಕೆ ಹಿಡಿದು ಮಿದುವಾಗಿಸಿ, ಕೊಳವೆಯ ತುದಿಗೆ ಅಂಟಿಸಿ ಊದಿದಳು. ಉಳ್ಳಾಗಡ್ಡಿಯ ಮೇಲ್ಸಿಪ್ಪೆಯಷ್ಟು ತೆಳುವಾದ ಗುಂಡು. ಒಳಗೆ ಅರಿಶಿನ, ಸುಣ್ಣ ಕಲಸಿದ ಕೆಂಪು ಓಕುಳಿ ನೀರು, ಬಾಯಿಗೆ ಮೇಣ. ಕೈಯಿಂದ ಎಸೆದದ್ದು ಮೈಗೆ ತಾಗಿದರೆ ಟಪ್ ಎಂದು ಒಡೆಯುತ್ತದೆ, ಹೂವು ಎಸೆದಷ್ಟೇ ಪೆಟ್ಟು. ಆಡುವವರ ಕಣ್ಣಿಗೆ ಮೋಟಾರ್‌ಸೈಕಲ್ ಕನ್ನಡಕ.

ಪಕ್ಕದ ಶಿಗ್ಲಿಯಿಂದ ಇಬ್ಬರು, ಊರಿನಿಂದ ಇಬ್ಬರು ಆಡಲು ಬಂದರು. ಐದನೆಯವನು ಬರಲೇ ಇಲ್ಲ. ಬರದಿದ್ದಕ್ಕೆ ಕಾರಣ, ದೇವೇಂದ್ರಪ್ಪ ಮಾಸ್ತರರ ಹೆಂಡತಿ ಶೇಖವ್ವ. ಬಳೆ ಇಡಿಸಿಕೊಳ್ಳಲು ಬಂದವಳು ಬುಟ್ಟಿಯ ಹುಲ್ಲಿನ ಮೇಲೆ ಸಾಲಾಗಿ ಒಣಗಲಿಟ್ಟಿದ್ದ ಬಿಳಿಚು ಗುಂಡುಗಳನ್ನು ಕಂಡಳು. ಬಳೆ ಇಡಿಸಿಕೊಳ್ಳದೆ ಸೆರಗು ಮುದುಡಿಕೊಂಡು ಹೊರಟೇಬಿಟ್ಟಳು. ಸಂಜೆಯೊಳಗೆ ಲಿಂಗ ಕಟ್ಟಿದ ಮನೆಗಳಿಗೆಲ್ಲ ಖಬರು ಮುಟ್ಟಿತು: ದಾದಾಪೀರನ ಹುಡುಗರು ಕೋಳಿ ತತ್ತಿ ಒಗೆದಾಡುತ್ತಾರೆ! ಆಡಿ ಬಂದ ಊರಿನ ಇಬ್ಬರನ್ನು ತಾಯಂದಿರು ಹಿತ್ತಲಲ್ಲೇ ನಿಲ್ಲಿಸಿ ತಲೆಗೆ ನೀರು ಸುರಿದರು. ಗಂಡಸರದು ಬೇರೆ ರಾಗ: ಇಂದು ಬಣ್ಣದ ಗುಂಡು, ನಾಳೆ ಖರೇ ಗುಂಡು, ನಾಡಿದ್ದು ಪೊಲೀಸರು.

ಊರಿನ ಆಟದ ಬಯಲು ದೇವೇಂದ್ರಪ್ಪ ಮಾಸ್ತರರ ಸಮಿತಿಯದು. ನಿವೃತ್ತ ಹೆಡ್‌ಮಾಸ್ತರ್. ಹಾಲಿನಂಥ ಬಿಳಿ ನೆಹರೂ ಅಂಗಿ, ಅದಕ್ಕಿಂತಲೂ ಬಿಳಿಯ ಧೋತರ. ಬರುವ ಭಾನುವಾರ ಮುಂಡರಗಿಯಿಂದ ಎಂಟು ಜನ ಆಟ ನೋಡಲು ಬರುವವರಿದ್ದರು. ಹಿಡಿಸಿದರೆ ಅವರೂ ತಂಡ ಕಟ್ಟುವವರು, ಜೈಬುನ್ನೀಸಾಳಿಂದಲೇ ಗುಂಡು ಕೊಳ್ಳುವವರು. ದಾದಾಪೀರ ಬಯಲು ಕೇಳಲು ಹೋದ.

"ಒಂದು ಭಾನುವಾರ ಕೊಡತೇನಿ," ಎಂದರು ಮಾಸ್ತರು. "ಊರ ಮಂದಿ ಬಂದು ನೋಡಿ ಒಪ್ಪಿದರ ಆಡ್ರಿ. ಮಂದಿ ಬರಲಿಲ್ಲಂದ್ರ ಅವತ್ತಿಗೇ ಆಟ ಬಂದ್. ತಿಳೀತಿಲ್ಲೋ?"

"ತಿಳೀತ್ರಿ ಸರ." ಒಂದು ಭಾನುವಾರ. ಅದು ತಪ್ಪಿದರೆ ಆಟವೂ ಇಲ್ಲ, ತಾಯಿಯ ಶೇಗಡಿಗೆ ಕೆಂಡವೂ ಇಲ್ಲ.

ಶನಿವಾರ ಮುಂಜಾನೆ ಪೇಟೆಯಲ್ಲಿ ಮೈಕು ಕಟ್ಟಿದ ಟಾಂಗಾ ಹೊರಟಿತು. ಒಳಗೆ ಪರದೆ. ಪರದೆಯ ಹಿಂದಿನಿಂದ ದೇವೇಂದ್ರಪ್ಪ ಮಾಸ್ತರರ ದನಿ, ಅದೇ ಕೆಮ್ಮು, ಅದೇ ಎಳೆತ: "ಆತ್ಮೀಯ ನಾಗರಿಕರಽ... ಹ್ಞೂಂ... ನಾಳೆ ನಾಕ ಗಂಟೇಕ್ಕ ಸ್ವತಃ ನಾನಽ ಬಣ್ಣದ ಗುಂಡಿನ ಆಟ ಆಡಾಂವ ಅದೇನಿ. ಬರದಿದ್ದವರ ಕಿವಿ ಹಿಂಡಲಾಗುವುದು!"

ಸಂತೆಗೆ ಸಂತೆಯೇ ಬಾಯಿ ತೆರೆದು ನಿಂತಿತು. ದಾದಾಪೀರ ಓಡಿಬಂದು ಪರದೆ ಸರಿಸಿದ. ಉಳವಪ್ಪ ಮೈಕು ಹಿಡಿದು ಕಾಲಮೇಲೆ ಕಾಲು ಹಾಕಿ ಕೂತಿದ್ದ.

"ನನ್ನ ಮನಿ ಹಾಳ ಮಾಡಿದೆಲ್ಲೋ!"

"ಮಂದಿ ಬೇಕಂದಿದ್ದರಿಲ್ಲ ಮಾಸ್ತರು? ಬರತಾರ ನೋಡು."

ಬಂದರು. ಭಾನುವಾರ ನಾಲ್ಕಕ್ಕೆ ಬಯಲಿನ ಅಂಚಿನ ಬೇವಿನ ಗಿಡಗಳ ಮೇಲೂ ಮಂದಿ. ದಾದಾಪೀರ ಟಾರು ಡ್ರಮ್ಮುಗಳ, ಜೋಳದ ಕಣಿಕೆ ಸಿವುಡುಗಳ ಮರೆ ಕಟ್ಟಿದ್ದ. ಮುಂಡರಗಿಯವರು ಒಂದು ಮೂಲೆಯಲ್ಲಿ ತೆಪ್ಪಗೆ ನಿಂತಿದ್ದರು. ದೇವೇಂದ್ರಪ್ಪ ಮಾಸ್ತರು ಕೊಡೆ ಊರುತ್ತ ಬಂದಾಗ ಚಪ್ಪಾಳೆ ಬಿತ್ತು. ಅವರ ಮುಖ ಕಾದ ಹಂಚಿನಂತಿತ್ತು.

"ನನ್ನ ಹೆಸರೀಲೆ ಒದರಿದಾಂವ ಯಾರು? ಅದನ್ನ ಆಮ್ಯಾಲೆ ನೋಡತೇನಿ. ಮೊದಲ ಈ ತತ್ತಿ ಆಟ..."

"ತತ್ತಿ ಅಲ್ರಿ ಗುರುಗಳ," ಎಂದಳು ಜೈಬುನ್ನೀಸಾ. ಅಷ್ಟು ಮಂದಿಯ ಎದುರು ಅವಳು ಹಿಂದೆಂದೂ ಮಾತಾಡಿದವಳಲ್ಲ. ಶೇಗಡಿ ಇಟ್ಟು ಬಯಲಿನ ನಡುವೆಯೇ ಕೂತಳು. "ಶೇಖವ್ವಾರ, ಇಲ್ಲೇ ಬಂದು ಕುಂಡ್ರಿ. ಕಣ್ಣಿಲೇ ನೋಡ್ರಿ."

ಶೇಖವ್ವ ಒಲ್ಲದ ಮನಸ್ಸಿನಿಂದ ಕೂತಳು. ಅರಗು ಕೆಂಡದ ಮೇಲೆ ಹೊಳೆಯಿತು, ಜಿನುಗಿತು. ಜೈಬುನ್ನೀಸಾ ಕೊಳವೆಗೆ ತುಟಿ ಹಚ್ಚಿದಳು. ಅವಳ ಉಸಿರಿನ ತುದಿಯಲ್ಲಿ ಗುಂಡು ಹುಟ್ಟಿತು. ಮೊದಲು ಕಡಲೆಯಷ್ಟು, ಆಮೇಲೆ ನಿಂಬೆಯಷ್ಟು. ಇಳಿಬಿಸಿಲು ಅದರ ಆಚೆಯಿಂದ ಈಚೆಗೆ ಹಾದುಬಂತು. ಅವಳು ಬೆರಳಲ್ಲಿ ತಿರುವಿದ ಹಾಗೆ ಅದರೊಳಗೆ ಒಂದು ಸಣ್ಣ ಸೂರ್ಯ ತಿರುಗಿತು. ಆರುನೂರು ಮಂದಿಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಕೆಮ್ಮಿದರೆ ಒಡೆದುಹೋದೀತೆಂಬ ಭಯ. ಹುಟ್ಟಿದಾಗಿನಿಂದ ತಾಯಿಯ ಕೈ ನೋಡಿದ್ದ ದಾದಾಪೀರನಿಗೂ ಆ ಕೈಯನ್ನು ಇಂದೇ ಕಂಡಂತಾಯಿತು.

"ಯವ್ವಾ!" ಎಂದಳು ಶೇಖವ್ವ. "ನಾನು ಕೋಳಿ ಇಟ್ಟಿದ್ದಂದ್ಕೊಂಡಿದ್ದೆಲ್ಲ!"

"ಕೋಳಿಗೆ ಇಷ್ಟು ಉಸಿರು ಎಲ್ಲಿ ಬರಬೇಕ್ರೀ," ಎಂದಳು ಜೈಬುನ್ನೀಸಾ. ಹೆಂಗಸರ ಗುಂಪು ಕಿಸಕ್ಕೆಂದಿತು.

ಆದರೆ ಮಾಸ್ತರು ಬಗ್ಗಲಿಲ್ಲ. "ತತ್ತಿ ಅಲ್ಲ, ಒಪ್ಪಿದೆ. ನೋವಾಗತೈತೋ ಇಲ್ಲೋ? ಅಂಗಿಗೆ ಕಲಿ ಬೀಳತೈತೋ ಇಲ್ಲೋ? ದಾದ್ಯಾ, ನನಗಽ ಹೊಡಿ!" ಎಂದು ಕೊಡೆ ಬದಿಗಿಟ್ಟು ಎದೆ ಚಾಚಿದರು.

ದಾದಾಪೀರ ಬುಟ್ಟಿಯ ಕಡೆ ತಿರುಗಿದ. ಉಳವಪ್ಪ ಬುಟ್ಟಿಯಿಂದ ಒಂದು ಗುಂಡು ಆರಿಸಿ ಅವನ ಅಂಗೈಗೆ ಇಟ್ಟ. ಅದರ ಬಾಯಿ ಮುಚ್ಚಿದ್ದ ಮೇಣ ಯಾಕೋ ಹೊಸದಿತ್ತು. ನೋಡುವ ಪುರುಸೊತ್ತಿಲ್ಲದೆ ದಾದಾಪೀರ ಎಸೆದ.

ಟಪ್! ಬಿಳಿ ಅಂಗಿಯ ನಟ್ಟನಡುವೆ ದಾಸವಾಳ ಅರಳಿತು. ಮೂಗಿಗೆ ಘಾಟು ಬಡಿಯಿತು. ಮಾಸ್ತರು ಎದೆ ನೋಡಿಕೊಂಡರು. ಬಾಯಿ ತೆರೆದರು. ಬೈಗುಳ ಗಂಟಲಿನಿಂದ ಹೊರಡುವ ಮೊದಲೇ ಹೂವಿನ ಅಂಚು ಮಸುಕಾಯಿತು. ಆರುನೂರು ಮಂದಿ ನೋಡುತ್ತಿದ್ದಂತೆ ಕೆಂಪು ಗುಲಾಬಿಯಾಯಿತು, ಗುಲಾಬಿ ನೆರಳಾಯಿತು, ನೆರಳು ಇಲ್ಲವಾಯಿತು. ಉಳಿದದ್ದು ಒದ್ದೆಯಾದ ಬಿಳಿ ಬಟ್ಟೆ.

"ಯಪ್ಪಾ ಶಿವನ!" ಎಂದು ಯಾರೋ ಕೈಮುಗಿದರು. ಮಾಸ್ತರು ಅಂಗಿಯನ್ನು ಜಗ್ಗಿ ಜಗ್ಗಿ ನೋಡಿದರು. ಅವರ ಕಣ್ಣು ಬಾಲವಾಡಿಗೆ ಹೊಸದಾಗಿ ಸೇರಿದ ಕೂಸಿನ ಕಣ್ಣಾಗಿತ್ತು.

"ಕಲಿ ಇಲ್ಲ! ನೋವೂ ಇಲ್ಲ! ದಾದ್ಯಾ, ಬಯಲು ನಿಮ್ಮದು!"

ಕೇಕೆ ಎದ್ದಿತು. ದಾದಾಪೀರ ಗೆಳೆಯನ ಕಡೆ ತಿರುಗಿದ. ಉಳವಪ್ಪ ಕಣ್ಣು ಹೊಡೆದು ಪಿಸುಗುಟ್ಟಿದ: "ಕಾಲೇಜಿನ ಔಷಧಿ ಲೇ. ಗಾಳಿಗಿಟ್ಟರ ಬಣ್ಣ ಹಾರತೈತಿ. ಸುಮ್ಮನಿರು."

ಸುಮ್ಮನಿದ್ದರೆ ಗೆದ್ದಂತೆ. ಆದರೆ ನಾಳೆ ಯಾರದೋ ಅಂಗಿಯ ಮೇಲೆ ಓಕುಳಿ ಬಿದ್ದು ಹಾರದಿದ್ದರೆ? ತಾಯಿಯ ಗುಂಡೇ ಸುಳ್ಳಾದಂತೆ. ದಾದಾಪೀರ ಮಾಸ್ತರರ ಎದುರು ಹೋಗಿ ನಿಂತ.

"ಸರ, ಇದು ಚೇಷ್ಟಿ. ನಮ್ಮ ಆಟದ ಬಣ್ಣ ಹಿಂಗ ಹಾರಂಗಿಲ್ಲ. ಕಲಿ ಬೀಳತೈತಿ. ಎರಡು ಸಲ ಒಗದು ಬಿಸಲಿಗೆ ಹಾಕಿದರ ಹೋಗತೈತಿ. ಬಯಲು ಕೊಡೂದು ಬಿಡೂದು ನಿಮ್ಮ ಕೈಯಾಗೈತಿ."

ಮುಂಡರಗಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಸ್ತರರ ಮೀಸೆ ಅದುರಿತು.

"ಅಂದ್ರ ಮಂದಿ ಮುಂದ ನನ್ನ ಮಂಗ್ಯಾ ಮಾಡಿದ್ರಿ?"

"ಹೌದ್ರಿ ಸರ."

"ಖರೇ ಗುಂಡು ಯಾವುದು?"

ದಾದಾಪೀರ ತಾಯಿಯ ಬುಟ್ಟಿಯಿಂದ ಒಂದನ್ನು ಎತ್ತಿ ಕೊಟ್ಟ. ಮಾಸ್ತರು ಅದನ್ನು ಬಿಸಿಲಿಗೆ ಹಿಡಿದು ನೋಡಿದರು, ತೂಗಿ ನೋಡಿದರು. ಆಮೇಲೆ ಯಾರೂ ಎಣಿಸದ ಕೆಲಸ ಮಾಡಿದರು. ತಮ್ಮ ಎದೆಗೇ ತಾವೇ ಟಪ್ಪೆಂದು ಬಡಿದುಕೊಂಡರು. ಕೆಂಪು ಓಕುಳಿ ಅಂಗಿಯಿಂದ ಧೋತರಕ್ಕೆ ಇಳಿಯಿತು. ಅದು ಹಾರಲಿಲ್ಲ. ಮಾಸ್ತರು ಕಾದರು. ಊರೂ ಕಾಯಿತು. ಅದು ಹಾರಲೇ ಇಲ್ಲ.

"ಔಟ್ ಆದೆ!" ಎಂದು ಕೂಗಿದರು ದೇವೇಂದ್ರಪ್ಪ ಮಾಸ್ತರು. "ಏ ಶೇಖೂ, ನಾ ಸತ್ತೆ! ಮನಿಗೆ ನಡಿ, ಒಗ್ಯಾಣ ಐತಿ ನಿನಗ!"

ಶೇಖವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮುಂಡರಗಿಯ ಎಂಟೂ ಜನ ಬುಟ್ಟಿಯ ಕಡೆ ಓಡಿದರು, ಅವರ ಹಿಂದೆ ಊರಿನ ಹುಡುಗರು, ಅವರನ್ನು ತಡೆಯಲು ಹೊರಟು ಅದನ್ನೇ ಮರೆತ ತಾಯಂದಿರು. ಇಡೀ ಬಯಲು ನಗುತ್ತಿತ್ತು. ಆ ಎಲ್ಲ ನಗೆಯ ಮೇಲೆ, ಪೇಟೆಯ ಆಚೆ ತುದಿಗೂ ಕೇಳುವ ಹಾಗೆ, ಹೊಟ್ಟೆ ಹಿಡಿದುಕೊಂಡು ಬಗ್ಗಿ ಬಗ್ಗಿ ನಗುತ್ತಿದ್ದವರು ಮಾಸ್ತರು.