ತಿಕ್ಕಿ ತೊಳೆದ ಬೆಳ್ಳಿ ರೂಪಾಯಿ

ನಾನು ಮುನಿವೆಂಕಟಮ್ಮ, ಬೆಂಗಳೂರಿನ ಬಿಳೇಕಹಳ್ಳಿಯೋಳು. ಅರವತ್ತೆಂಟು ವರ್ಷ ಆಯ್ತು, ಸಮುದ್ರ ನೋಡಿರಲಿಲ್ಲ. ಮಧ್ಯಾಹ್ನ ಊಟ ಆಗಿ ಒಂದು ಗಳಿಗೆ ಒರಗಿದ್ರೆ ಸಾಕು, ಬನ್ನೇರುಘಟ್ಟ ರೋಡಿನ ಗಾಡಿ ಸದ್ದು ಮೆಲ್ಲಗೆ ಅಲೆ ಸದ್ದಾಗಿಬಿಡೋದು. ಅರೆಕೆರೆಯಲ್ಲಿರೋ ನನ್ನ ತಂಗಿ ಲಕ್ಷ್ಮಮ್ಮನೂ ನೋಡಿಲ್ಲ. ಇಬ್ಬರದೂ ಫೋನಲ್ಲಿ ಇದೇ ಮಾತು: "ಅಕ್ಕಾ, ಅದಕ್ಕೆ ಆ ಕಡೆ ದಡಾನೇ ಕಾಣಲ್ವಂತೆ!"

ನಮ್ಮ ಮಹಿಳಾ ಸಂಘದೋರು ಮಲ್ಪೆ ಸಮುದ್ರಕ್ಕೆ ಬಸ್ ಮಾಡಿದ್ರು. ಶನಿವಾರದೊಳಗೆ ದುಡ್ಡು ಕಟ್ಟಬೇಕು. ನಂಗೂ ಲಕ್ಷ್ಮಮ್ಮಂಗೂ ಎರಡು ಸೀಟು ಬೇಕಿತ್ತು. ಮೇಲಿನ ಮನೆಯಿಂದ ಬರೋ ಬಾಡಿಗೆಯೆಲ್ಲ ಮಗ ಕಿಟ್ಟಿ ಕೈಲಿ. ಕೇಳಿದ್ರೆ ಇಲ್ಲ ಅನ್ನಲ್ಲ, "ಈ ವಯಸ್ಸಲ್ಲಿ ಸಮುದ್ರ ಯಾಕಮ್ಮಾ?" ಅಂತಾನೆ. ಆ ಮಾತು ಕೇಳೋಕೆ ನಂಗೆ ಆಗಲ್ಲ.

ನಮ್ಮತ್ತೆ ತೀರಿಹೋಗೋ ಮುಂಚೆ ನನ್ನ ಕೈಗೆ ಬ್ರಿಟಿಷರ ಕಾಲದ ಒಂಬತ್ತು ಬೆಳ್ಳಿ ರೂಪಾಯಿ ಇಟ್ಟಿದ್ರು. "ಇದು ಮನೆಗಲ್ಲ ಕಣೇ, ನಿನ್ನ ಆಸೆಗೆ" ಅಂದಿದ್ರು. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಮುಂದೆ ಇಡ್ತಿದ್ದೆ. ಅರಿಶಿನ ಅಂಟಿ, ಕಪ್ಪಾಗಿ, ಅದರ ಮೇಲಿನ ರಾಜ ನಿದ್ದೆ ಮಾಡ್ತಿರೋ ಹಾಗೆ ಕಾಣ್ತಿದ್ದ.

ಅವನ್ನ ಸೆರಗಲ್ಲಿ ಕಟ್ಕೊಂಡು ಒಂದು ಬೆಳ್ಳಿ ಅಂಗಡಿಗೆ ಹೋದೆ. ಅವನು ಒಂಬತ್ತನ್ನೂ ಒಟ್ಟಿಗೆ ತಕ್ಕಡಿಗೆ ಸುರಿದ. ತೂಕ ತೋರಿಸಲಿಲ್ಲ. "ಎಲ್ಲಾ ಕಪ್ಪಾಗಿದೆ ಆಂಟಿ, ವೇಸ್ಟೇಜ್ ಜಾಸ್ತಿ" ಅಂತ ಒಂದು ಸೀಟಿಗೂ ಸಾಲದ ರೇಟು ಹೇಳಿದ. ವಾಪಸ್ ತಗೊಂಡು ಬಂದೆ.

ಕಪ್ಪು ತಾನೇ? ಪೂಜೆ ಸಾಮಾನು ತಿಕ್ಕೋದ್ರಲ್ಲಿ ನನ್ನನ್ನ ಮೀರಿಸೋರು ಈ ಬೀದೀಲಿಲ್ಲ! ಹುಣಸೆಹಣ್ಣು, ಸಬೀನ ಪುಡಿ, ತೆಂಗಿನ ನಾರು ತಗೊಂಡು ಕೂತೆ. ಮೊದಲನೇ ರೂಪಾಯಿ ಫಳಫಳ ಅಂತು.

ಮೇಲಿನ ಮನೆ ಮಧುಮತಿ ಮೆಟ್ಟಿಲಿಳಿದು ಬಂದಳು. ಬಾಗಲಕೋಟೆ ಕಡೆ ಹುಡುಗಿ, ಜಯನಗರದ ಒಂದು ಹಳೇ ನಾಣ್ಯದ ಅಂಗಡೀಲಿ ಕೆಲಸ.

"ಅಯ್ಯ, ಏನ್ ಮಾಡಾಕತ್ತೀರಿ ಅಮ್ಮಾರ? ತಿಕ್ಕಬ್ಯಾಡ್ರಿ!"

"ಯಾಕಮ್ಮಾ? ಹೊಳೆದ್ರೆ ಒಳ್ಳೆ ರೇಟು ಬರಲ್ವಾ?"

"ತೂಕಕ್ಕ ಹೋಗೋ ರೂಪಾಯಿ ಕಪ್ಪಿದ್ರೂ ಅಷ್ಟ, ಹೊಳೆದ್ರೂ ಅಷ್ಟ. ಆದ್ರ ಅಪರೂಪದ್ದು ಇದ್ರ, ಹಳೇ ನಾಣ್ಯ ಕೂಡಿಡೋರು ಆ ಹಳೇ ಬಣ್ಣಕ್ಕ ರೊಕ್ಕ ಕೊಡ್ತಾರ್ರಿ."

"ಹೋಗೇ, ನಿಮ್ಮ ಅಂಗಡಿಗೆ ಗಿರಾಕಿ ಹಿಡೀತಿದೀಯ" ಅಂದೆ.

"ಮಾರಬ್ಯಾಡ್ರಿ, ಬರೇ ಕೇಳಿ ಬರ್ರಿ. ಕೇಳಾಕ ರೊಕ್ಕ ಇಲ್ಲಲ್ಲ."

ಮಿಕ್ಕ ಎಂಟನ್ನ ತಿಕ್ಕದೆ, ಮಾರನೇ ದಿನ ಎಲ್ಲಾನೂ ತಗೊಂಡು ಅವಳ ಅಂಗಡಿಗೆ ಹೋದೆ. ಅಂಗಡಿ ಯಜಮಾನ್ರು ಶಿವರಾಮ್ ಭೂತಗನ್ನಡಿ ಹಿಡಿದು ಒಂದೊಂದರ ವರ್ಷವನ್ನೂ ಓದಿದ್ರು. ತಕ್ಕಡಿ ನನ್ನ ಕಡೆ ತಿರುಗಿಸಿ ಒಂದೊಂದನ್ನೇ ತೂಗಿದ್ರು.

"ಅಮ್ಮಾ, ಈ ಆರು ಎಲ್ಲಾ ಕಡೆ ಸಿಗೋ ವರ್ಷದ್ದು. ಹಳೇದು ಅನ್ನೋದಕ್ಕೆ ಬೆಲೆ ಇಲ್ಲ, ಒಳಗಿರೋ ಬೆಳ್ಳಿಗೆ ಬೆಲೆ. ಹನ್ನೊಂದೂವರೆ ಗ್ರಾಂ ಚಿಲ್ಲರೆ ತೂಕದಲ್ಲಿ ಹತ್ತೂವರೆ ಬೆಳ್ಳಿ. ಈ ಎರಡು ನಲವತ್ತೈದನೇ ಇಸವಿದು, ಅರ್ಧ ಮಾತ್ರ ಬೆಳ್ಳಿ. ಇವತ್ತಿನ ರೇಟು ಇಲ್ಲಿ ಬರೆದಿದೆ. ಕರಗಿಸೋ ಖರ್ಚು, ನಮ್ಮ ಲಾಭ ಹಿಡ್ಕೊಂಡು ಸ್ವಲ್ಪ ಕಮ್ಮಿ ಕೊಡ್ತೀವಿ."

ಆಮೇಲೆ ಒಂಬತ್ತನೇದು ಎತ್ಕೊಂಡ್ರು. ಬೆಳಕಿಗೆ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದ್ರು.

"ಇದನ್ನ ಯಾರು ತಿಕ್ಕಿದ್ದು?"

"ನಾನೇ."

"ಇದು ಸಿಗೋದು ಕಮ್ಮಿ ಅಮ್ಮಾ. ಹಾಗೇ ಇದ್ದಿದ್ರೆ ಉಳಿದ ಎಂಟಕ್ಕೂ ಸೇರಿ ಕೊಡೋಷ್ಟನ್ನ ಇದೊಂದಕ್ಕೇ ಕೊಡ್ತಿದ್ದೆ. ಈಗ ತುಂಬಾ ಗೀರಾಗಿದೆ. ಇದೂ ತೂಕಕ್ಕೇ."

ನನ್ನ ಕೈಯಾರೆ, ನಮ್ಮತ್ತೆ ಕೊಟ್ಟಿದ್ದನ್ನ ನಾನೇ ಹಾಳು ಮಾಡ್ದೆ! ಅಲ್ಲೇ ಕೂತು ಅತ್ತುಬಿಟ್ಟೆ.

ಕಣ್ಣೊರೆಸ್ಕೊಂಡು, "ಕೊಂಡ್ಮೇಲೆ ಇವನ್ನ ಏನ್ ಮಾಡ್ತೀರಾ?" ಅಂದೆ.

"ಒಂದೆರಡು ಪೂಜೆಗೆ ಅಂತ ಯಾರಾದ್ರೂ ಒಯ್ತಾರೆ. ಮಿಕ್ಕಿದ್ದು ಕರಗತ್ತೆ."

ಕಣ್ಣು ಮುಚ್ಚಿದೆ. ರಾಜನ ಮುಖ ನಿಧಾನಕ್ಕೆ ಕರಗಿ ನೀರಾಗಿ, ಯಾವುದೋ ಮಗುವಿನ ಕಾಲಲ್ಲಿ ಗೆಜ್ಜೆಯಾಗಿ ಓಡ್ತಿತ್ತು. ಮನಸ್ಸು ಹಗುರಾಯ್ತು. ಒಂಬತ್ತನ್ನೂ ಕೊಟ್ಟೆ. ತೂಕ, ರೇಟು ಎಲ್ಲಾ ಬರೆದು ಬಿಲ್ ಕೊಟ್ರು. ಒಂದು ಸೀಟಿಗೆ ದುಡ್ಡು ಕಟ್ಟಿ ಸ್ವಲ್ಪ ಮಿಕ್ಕಿತು. ಎರಡಕ್ಕೆ ಸಾಲಲಿಲ್ಲ.

ವಿಷಯ ಗೊತ್ತಾಗಿ ಕಿಟ್ಟಿ ಎಗರಾಡಿದ. "ಯಾಕಮ್ಮಾ ಮಾರಿದೆ? ಈ ವಿಡಿಯೋ ನೋಡು, ಹಳೇ ರೂಪಾಯಿಗೆ ಲಕ್ಷ ಕೊಡ್ತಾರಂತೆ. ಮೊದಲು ಎರಡು ಸಾವಿರ ರಿಜಿಸ್ಟ್ರೇಷನ್ ಕಟ್ಟಬೇಕು ಅಷ್ಟೇ."

ಅಲ್ಲೇ ಇದ್ದ ಮಧುಮತಿ ನಕ್ಕಳು. "ಅಣ್ಣಾರ, ಕೊಳ್ಳೋರು ನಿಮಗ ರೊಕ್ಕ ಕೊಡಬೇಕು. ನೀವ್ಯಾಕ ಅವರಿಗೆ ಕೊಡ್ತೀರಿ?" ಕಿಟ್ಟಿ ಬಿಲ್ಲನ್ನ ಎರಡು ಸಲ ಓದಿ, ಫೋನು ಜೇಬಿಗೆ ಹಾಕ್ಕೊಂಡ. "ಮೊದಲೇ ನನ್ನ ಕೇಳಬಾರದಿತ್ತಾ?" ಅಂತ ಎರಡನೇ ಸೀಟಿಗೆ ಸಂಘದೋರಿಗೆ ಫೋನ್ ಮಾಡಿದ. ಅಷ್ಟರಲ್ಲಿ ಬಸ್ ತುಂಬಿತ್ತು. ಲಕ್ಷ್ಮಮ್ಮ, "ನೀನು ಹೋಗಿ ಬಾರಕ್ಕಾ, ಬಂದು ಹೇಳು" ಅಂದಳು.

ಮಲ್ಪೇಲಿ ಸಂಜೆಯಾಗಿತ್ತು. ನೀರಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಕೊಂಡೆ. ಉಪ್ಪು! ನಿಜವಾಗ್ಲೂ ಉಪ್ಪು! "ಲಕ್ಷ್ಮೀ, ನೋಡೇ, ಆ ಕಡೆ ದಡಾನೇ ಇಲ್ಲ!" ಅಂತ ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಅದಕ್ಕೇ ಹೇಳ್ತಿದೀನಿ, ಅಕ್ಕತಂಗೀರೇ. ಮನೇಲಿ ಹಳೇ ಬೆಳ್ಳಿ ರೂಪಾಯಿ ಇದ್ರೆ ತಿಕ್ಕಬೇಡಿ, ತೊಳೀಬೇಡಿ. ಎರಡು ಮೂರು ಅಂಗಡೀಲಿ ಕೇಳಿ. ಒಂದೊಂದನ್ನೇ ನಿಮ್ಮ ಕಣ್ಣೆದುರಿಗೆ ತೂಗಿಸಿ, ವರ್ಷ ಓದಿಸಿ, ಆ ದಿನದ ರೇಟು ಕೇಳಿ, ಬಿಲ್ ತಗೊಳ್ಳಿ. ಮುಂಗಡ ಕೇಳೋರಿಗೆ ಒಂದು ಪೈಸೆನೂ ಕಳಿಸಬೇಡಿ. ಗೊತ್ತಿಲ್ಲ ಅಂತ ಕೇಳೋಕೆ ನಾಚಿಕೆ ಪಡಬೇಡಿ. ನಾನು ಒಂದು ದಿನ ಮುಂಚೆ ಕೇಳಿದ್ದಿದ್ರೆ, ನನ್ನ ತಂಗಿನೂ ಸಮುದ್ರ ನೋಡ್ತಿದ್ದಳು.